ಅತ್ತೆಯ ಕಾಲುಚೀಲದ ಹಿಮ್ಮಡಿ

ಮೊನ್ನೆ ಚಳಿ ಜೋರಾಯಿತೆಂದು ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗಡರಿತು. ಈ ವಾಸನೆ ನಿಮ್ಮ ಮನೆಯ ಟ್ರಂಕಿನಲ್ಲೂ ಇದ್ದೀತು. ಆದರೆ ಸ್ವೆಟರುಗಳ ಅಡಿಯಲ್ಲಿ ಎರಡು ಬಣ್ಣದ ಕಾಲುಚೀಲದ ಜೊತೆಯೊಂದು ನಿಮ್ಮಲ್ಲಿ ಇರಲಾರದು. ಪಾದವೆಲ್ಲ ಕಡುಗೆಂಪು, ಹಿಮ್ಮಡಿ ಮಾತ್ರ ಗಿಳಿಹಸಿರು. ಅದು ನನ್ನ ಅತ್ತೆಯದು. ಆ ಹಸಿರಿಗೆ ಕಾರಣ ನಾನು.

ತೊಂಬತ್ತರ ದಶಕದ ನಡುವೆ ಕೆ.ಆರ್. ನಗರದ ಕಡೆಯಿಂದ ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ನಮ್ಮದು ನಾಲೆ ನೀರಿನ ಗದ್ದೆ, ಅವರದು ಹೊಗೆಸೊಪ್ಪಿನ ಹೊಲ. ಅತ್ತೆಗೆ ಅಷ್ಟು ಸಾಕಾಗಿತ್ತು. ಬಿಸಿಲೆಂದು ತಲೆಗೆ ಸೆರಗು ಹೊದ್ದರೆ, "ಗದ್ದೆ ಸೀಮೆಯವ್ರು, ನೆರಳಲ್ಲಿ ಬೆಳೆದವ್ರು ಕಣವ್ವ" ಎನ್ನುವರು. ನಾನು ಕಟ್ಟಿದ ಮುದ್ದೆಯನ್ನು ನೋಡಿ, "ಇದನ್ನ ಉಣ್ಣದೋ, ಕುಡಿಯದೋ?" ಎಂದು ಮಾವನನ್ನು ಕೇಳುವರು. ಮಾವ ತಟ್ಟೆಗೆ ಇನ್ನಷ್ಟು ಸಾರು ಸುರಿದುಕೊಳ್ಳುವರು. ಅತ್ತೆಯದು ಕೋಪದ ಮಾತಲ್ಲ. ಅವರ ಬಾಯಿಂದ ತಪ್ಪಿಸಿಕೊಂಡವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಕೊಟ್ಟಿಗೆಯ ಎಮ್ಮೆಯನ್ನೂ ಸೇರಿಸಿ.

ಅವರಿಗೆ ಸರಿಸಮವಾಗಿ ಉತ್ತರ ಕೊಡುತ್ತಿದ್ದವರೆಂದರೆ ಗೆಳತಿ ಡೋಲ್ಮಾ. ಬೈಲಕುಪ್ಪೆಯ ಟಿಬೆಟನ್ ಹೆಂಗಸು. ಅವರ ಜೋಳದ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಇದ್ದದ್ದು ಒಂದೇ ಬದು, ಅದರ ಮೇಲೆ ಕೂತು ಇಬ್ಬರೂ ಎಷ್ಟೋ ವರ್ಷ ಹರಟಿದ್ದರು. ಚಳಿಗೆ ಅತ್ತೆಯ ಹಿಮ್ಮಡಿ ಒಡೆದು ಬಿರುಕು ಬಿಡುವುದನ್ನು ನೋಡಿ, ಉಣ್ಣೆಯ ಈ ಕಾಲುಚೀಲ ಹೆಣೆದುಕೊಟ್ಟಿದ್ದು ಡೋಲ್ಮಾ. ಆದರೆ ಅತ್ತೆಯ ಹಿಮ್ಮಡಿ ಅರದಂತಿತ್ತು. ವರ್ಷಕ್ಕೊಮ್ಮೆ ಉಣ್ಣೆಯನ್ನು ತಿಂದು ತೂತು ಮಾಡುತ್ತಿತ್ತು. ವರ್ಷಕ್ಕೊಮ್ಮೆ ಡೋಲ್ಮಾ ಸರಿಮಾಡಿಕೊಡುತ್ತಿದ್ದರು.

ನಾನು ಬಂದ ವರ್ಷ ತೂತು ಬೀಳುವ ಹೊತ್ತಿಗೆ ಡೋಲ್ಮಾ ಸ್ವೆಟರ್ ವ್ಯಾಪಾರಕ್ಕೆಂದು ಉತ್ತರದ ಕಡೆ ಹೋಗಿಬಿಟ್ಟಿದ್ದರು. ಹೈಸ್ಕೂಲಿನಲ್ಲಿ ಕಸೂತಿಗೆ ನನಗೆ ಬಹುಮಾನ ಬಂದಿತ್ತು. ಆ ಮನೆಯಲ್ಲಿ ಅದನ್ನು ಇನ್ನೂ ಯಾರೂ ಕೇಳಿರಲಿಲ್ಲ. "ಕೊಡಿ ಅತ್ತೆ, ನಾನು ಮಾಡ್ತೀನಿ" ಎಂದೆ.

ಎರಡು ಮಧ್ಯಾಹ್ನ ಕೂತು, ಹೊಲಿಗೆ ದಾರವನ್ನೇ ಜೋಡಿ ಮಾಡಿ, ತೂತಿನ ಬಾಯನ್ನು ಎಳೆದೆಳೆದು ಹೊಲಿದೆ. ಹಲಸಿನ ಬೀಜದಷ್ಟು ದಪ್ಪನಾದ ಗಂಟಾಯಿತು. ನನ್ನ ಕಣ್ಣಿಗೆ ಅದು ಗಂಟಾಗಿ ಕಾಣಲಿಲ್ಲ, ಗಟ್ಟಿತನವಾಗಿ ಕಂಡಿತು. ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು. ಏನು ಚುಚ್ಚುತ್ತಾರೋ ಎಂದು ನಾನು ಕಾದೆ.

"ಚೆನ್ನಾಗದೆ ಬುಡು" ಎಂದರು.

ಆ ಮನೆಯಲ್ಲಿ ನನಗೆ ಸಿಕ್ಕಿದ ಮೊದಲ ಮೆಚ್ಚುಗೆ. ಅಂದೇ ಅಮ್ಮನಿಗೆ ಕಾಗದ ಬರೆದು ಹಾಕಿದೆ.

ವಾರ ಕಳೆಯುವುದರೊಳಗೆ ಅತ್ತೆ ಕುಂಟತೊಡಗಿದರು. ಕೇಳಿದರೆ ಮಂಡಿ ನೋವು ಎಂದರು. ಒಂದು ದಿನ ಒಗೆಯಲೆಂದು ಕಾಲುಚೀಲ ಎತ್ತಿಕೊಂಡೆ. ನನ್ನ ಗಟ್ಟಿತನದ ಸುತ್ತ ರಕ್ತ ಒಣಗಿ ಕಪ್ಪಗಾಗಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು.

ಹುಣಸೂರಿನ ಡಾಕ್ಟರು ಗಾಯ ನೋಡಿ, ಒಳಕ್ಕಿಳಿದರೆ ಕಾಲಿಗೇ ಕುತ್ತು ಎಂದರು. "ಗುಳ್ಳೆ ಎದ್ದಾಗ ನೋಯ್ತಿರಲಿಲ್ವೇನಮ್ಮಾ?"

"ನೋಯ್ತಿತ್ತು."

"ಮತ್ತೆ ತೆಗೆದು ಬಿಸಾಕೋದಲ್ವಾ?"

ಅತ್ತೆ ನನ್ನ ಕಡೆ ನೋಡಲಿಲ್ಲ. "ಎಲ್ಡು ದಿನ ಕತ್ತು ಬಗ್ಗಿಸ್ಕಂಡು ಹೊಲ್ದವ್ಳೆ. ಮುದ್ದೆ ಸರಿ ಇಲ್ಲ ಅಂದ್ರೆ ಅನ್ಬೋದು. ಇದ್ನ ಎಂಗನ್ನದು?"

ಒಂದೂವರೆ ತಿಂಗಳು ದಿನಾ ಬೆಳಿಗ್ಗೆ ಜಗಲಿಯಲ್ಲಿ ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗಾಯ ತೊಳೆದು ಬಟ್ಟೆ ಸುತ್ತಿದೆ. ಅತ್ತೆ ಸುಮ್ಮನಿರುತ್ತಿದ್ದರು. ಮುದ್ದೆ ಹೇಗಿದ್ದರೂ ಉಣ್ಣುತ್ತಿದ್ದರು. ಆ ಮೌನ ನನಗೆ ಗಾಯಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಹೀಗಿರುವಾಗ ಒಂದು ಬೆಳಿಗ್ಗೆ, ನಾನು ಬಟ್ಟೆ ಕಟ್ಟುತ್ತಿದ್ದಂತೆ, "ಗಂಟು ಎಲ್ಲಿಗಾಕ್ದೆ? ಹಿಮ್ಮಡಿಗಲ್ಲ ತಾನೇ?" ಎಂದರು. ನಾನು ನಕ್ಕುಬಿಟ್ಟೆನೋ ಅಳತೊಡಗಿದೆನೋ ನೆನಪಿಲ್ಲ. ಕಾಲು ಉಳಿಯಿತೆಂದು ಡಾಕ್ಟರು ಹೇಳಿದ್ದು ಮಾರನೆಯ ವಾರ. ನನಗೆ ಅಂದೇ ಗೊತ್ತಾಗಿತ್ತು.

ಯುಗಾದಿ ಹತ್ತಿರ ಬಂದಾಗ ಡೋಲ್ಮಾ ಊರಿಗೆ ಮರಳಿದರು. ನನ್ನ ಕೆಲಸವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಹೊಲಿಗೆ ಅಲ್ಲ ಕಣಮ್ಮ, ಬೀಗ" ಎಂದರು. ಸವೆದ ಹಿಮ್ಮಡಿಯನ್ನು ಪೂರ್ತಿ ಕತ್ತರಿಸಿ, ಗಟ್ಟಿ ದಾರ ಸಿಗುವವರೆಗೂ ಬಿಚ್ಚಿ, ಬಾಯ್ಬಿಟ್ಟ ಕುಣಿಕೆಗಳನ್ನು ಕಡ್ಡಿಗೆ ಏರಿಸಿಕೊಂಡು ಹೊಸ ಹಿಮ್ಮಡಿ ಹೆಣೆಯುವುದನ್ನು ತೋರಿಸಿದರು. ಕೆಂಪು ದಾರ ಮುಗಿದಿತ್ತು, ಇದ್ದದ್ದು ಗಿಳಿಹಸಿರು. ನಾನು ಹೆಣೆದದ್ದನ್ನು ಮೂರು ಸಲ ಬಿಚ್ಚಿಸಿದರು. ಅತ್ತೆ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಾ, "ಇನ್ನೊಂದ್ಸಲ ಬಿಚ್ಸು ಡೋಲ್ಮಾ, ನಂಗೇನು ಅವಸ್ರ ಇಲ್ಲ" ಎನ್ನುತ್ತಿದ್ದರು.

ಕೊನೆಗೆ ಹಾಕಿಕೊಂಡು ಜಗಲಿಯಿಂದ ಕಣದವರೆಗೆ ನಡೆದು ಬಂದರು.

"ಚುಚ್ಚುತ್ತಾ ಅತ್ತೆ? ನಿಜ ಹೇಳಿ."

ಅತ್ತೆ ಡೋಲ್ಮಾರ ಮುಖ ನೋಡಿದರು, ನನ್ನ ಮುಖ ನೋಡಿದರು. "ಎಡಗಾಲ್ದು ಚುಚ್ಚುತ್ತೆ" ಎಂದರು.

ಅಷ್ಟು ಸಂತೋಷದಿಂದ ನಾನು ಯಾವುದನ್ನೂ ಬಿಚ್ಚಿಲ್ಲ.

ಆಮೇಲೆ ಹತ್ತಾರು ಚಳಿಗಾಲ ಅವರು ಆ ಕಾಲುಚೀಲ ಹಾಕಿದರು. ಸವೆದಾಗಲೆಲ್ಲ ಅದೇ ಬಣ್ಣದಲ್ಲಿ ನಾನೇ ಹೆಣೆದುಕೊಟ್ಟೆ. "ಗದ್ದೆ ಸೀಮೆಯವಳು, ಪೈರೇ ನಾಟವ್ಳೆ" ಎಂದು ಹಸಿರು ಹಿಮ್ಮಡಿಯನ್ನು ಬಂದವರಿಗೆಲ್ಲ ತೋರಿಸಿದರು. ಈಗ ಅವರಿಲ್ಲ.

ಕಾಲುಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುವಾಗಲೇ ಹುಣಸೂರಿನಲ್ಲಿರುವ ಮಗಳ ಫೋನು ಬಂತು. ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ, "ಅಮ್ಮಾ, ನೀನು ಹೊಲ್ದುಕೊಟ್ಟ ರವಿಕೆ ಕಂಕುಳಲ್ಲಿ ಹಿಡಿಯುತ್ತೆ. ಹೇಳೋದೋ ಬೇಡ್ವೋ ಅಂತ ನಾಲ್ಕು ದಿನದಿಂದ ಯೋಚ್ನೆ ಮಾಡ್ತಿದ್ದೆ" ಎಂದಳು.

"ನಾಲ್ಕು ದಿನ ಯಾಕೆ ತಡ ಮಾಡ್ದೆ?" ಎಂದು ಬೈದೆ. "ಭಾನುವಾರ ತಗಂಡು ಬಾ."

ರವಿಕೆ ಕೆಡಿಸಿದವಳು ನಾನು, ಬೈಸಿಕೊಂಡವಳು ಅವಳು. ಏನೂ ಅರ್ಥವಾಗದೆ "ಆಯ್ತಮ್ಮ" ಎಂದು ಫೋನಿಟ್ಟಳು. ನಾನು ಕತ್ತರಿ ಹುಡುಕಲು ಎದ್ದೆ.