ಬಿರುಕಿಗೆ ಹಚ್ಚಿದ ಗಾಜು

ಬಿರುಕಮ್ಮ ಎಂಬ ಹೆಸರನ್ನು ಅವಳಿಗೆ ಹೆತ್ತವರು ಇಟ್ಟಿದ್ದಲ್ಲ. ಇಟ್ಟವರು ಕಟ್ಟಡ ತಪಾಸಣೆ ಕಚೇರಿಯ ಗುಮಾಸ್ತರು, ಅದೂ ಬೆನ್ನ ಹಿಂದೆ. ಮೂವತ್ತೊಂದು ವರ್ಷ ಅವಳು ನಗರದ ಹಳೆಯ ಮನೆಗಳನ್ನು ಹತ್ತಿ ಇಳಿದು, ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿ, 'ವಾಸಕ್ಕೆ ಯೋಗ್ಯ' ಎಂದೋ 'ಯೋಗ್ಯವಲ್ಲ' ಎಂದೋ ಬರೆದವಳು. ಎರಡನೆಯದನ್ನೇ ಹೆಚ್ಚು ಬರೆದಳು ಎಂಬುದು ಮನೆ ಮಾಲೀಕರ ದೂರು. ಅವಳು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಮಾಲೀಕರು ಬಿರುಕಿನ ಮುಂದೆ ಕಪಾಟು ಎಳೆದು ನಿಲ್ಲಿಸುತ್ತಿದ್ದರು. ಅವಳು ಒಳಗೆ ಕಾಲಿಟ್ಟವಳೇ, "ಮೊದಲು ಆ ಕಪಾಟು ಸರಿಸಿ," ಅನ್ನುತ್ತಿದ್ದಳು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಮಾತು ಒಂದೇ: "ಗೋಡೆಗೆ ದಾಕ್ಷಿಣ್ಯ ಅನ್ನೋದು ಗೊತ್ತಿಲ್ಲ. ನಮಗೂ ಗೊತ್ತಿರಬಾರದು."

ಇಂಥ ಹೆಂಗಸು ನಿವೃತ್ತಿಯಾದ ವರ್ಷ ಎಂಥ ಮನೆ ಕೊಂಡಳು ಅಂತೀರಿ? ಕಾಡಿನ ನಡುವೆ, ಎಂದೋ ಮುಚ್ಚಿಹೋದ, ಮರ ಕೊಯ್ಯುವ ಗರಗಸದ ಕಾರ್ಖಾನೆಯ ಲೆಕ್ಕಿಗನಿಗಾಗಿ ಕಟ್ಟಿದ್ದ ಹಳೇ ಮನೆ. ಕಚೇರಿಯಲ್ಲಿ ಸುದ್ದಿ ಹಬ್ಬಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಯಾರಾದರೂ ತೋರಿಸಿದ್ದರೆ ಬಿರುಕಮ್ಮ ಅದರ ಅಂಗಳಕ್ಕೂ ಕಾಲಿಡದೆ 'ಯೋಗ್ಯವಲ್ಲ' ಎಂದು ಬರೆದು ಬಸ್ಸು ಹತ್ತುತ್ತಿದ್ದಳು ಎಂದು ಆಡಿಕೊಂಡರು. ಆಡಿಕೊಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ಅವರು ಆ ಮನೆಯನ್ನು ನೋಡಿರಲಿಲ್ಲ, ಅವಳ ಗಂಡನನ್ನೂ ಸರಿಯಾಗಿ ನೋಡಿರಲಿಲ್ಲ. ಗಂಡ ದರ್ಜಿ. ನಲವತ್ತು ವರ್ಷ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಅಂಗಡಿಯಲ್ಲಿ, ಹಗಲೂ ದೀಪ ಉರಿಸಿಕೊಂಡು, ಊರವರ ಕೋಟು ಹೊಲಿದವನು. ಮನೆ ನೋಡಲು ಹೋದ ದಿನ ಅವನು ಮಾತಾಡದೆ ಒಂದೊಂದೇ ಕಿಟಕಿ ತೆರೆಯುತ್ತಾ ಹೋದ. ಒಟ್ಟು ಹದಿನಾಲ್ಕು ಕಿಟಕಿ, ಒಂದರಂತೆ ಇನ್ನೊಂದಿಲ್ಲ. ಲೆಕ್ಕಿಗನ ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಒಂದು ಕೋಣೆ ಸೇರಿಸಿ, ಕಾರ್ಖಾನೆಯಲ್ಲಿ ಆ ಹೊತ್ತಿಗೆ ಸಿಕ್ಕ ಮರದಲ್ಲೇ ಕಟ್ಟಿದ್ದರಂತೆ. ಕೊನೆಯ ಕಿಟಕಿ ತೆರೆದಾಗ ಎಲೆಗಳ ನಡುವಿನಿಂದ ಬಿಸಿಲು ಬಂದು ಅವನ ಅಂಗೈ ಮೇಲೆ ಬಿತ್ತು. "ಇಲ್ಲಿ ಮಿಷನ್ ಇಟ್ರೆ ಸೂಜಿಗೆ ದಾರ ಪೋಣಿಸೋಕೆ ಕನ್ನಡಕಾನೇ ಬೇಡ ಕಣೇ," ಅಂದ. ಅಷ್ಟೇ. ಬಿರುಕಮ್ಮನ ಮನಸ್ಸು ಅಲ್ಲೇ ಸೋತಿತು.

ಮನೆಗೆ ಅದರದೇ ಆದ ಗುಣಗಳಿದ್ದವು. ಮುಂಬಾಗಿಲು ಭುಜ ಕೊಟ್ಟು ತಳ್ಳದೆ ತೆರೆಯುತ್ತಿರಲಿಲ್ಲ. ಏಳನೇ ಮೆಟ್ಟಿಲು ಕಾಲಿಟ್ಟವರನ್ನೆಲ್ಲ ಗದರುತ್ತಿತ್ತು. ದರ್ಜಿಯ ಕೈಯಿಂದ ದಾರದ ಉರುಳೆ ಜಾರಿದರೆ ಅದು ಹಾಲ್ ದಾಟಿ, ಹೊಸ್ತಿಲಿಲ್ಲದ ಬಾಗಿಲಿನಿಂದ ಅಡುಗೆಮನೆಗೆ ಹೋಗಿ, ಅಲ್ಲಿಯ ಹಿಂದಿನ ಮೂಲೆಯಲ್ಲೇ ನಿಲ್ಲುತ್ತಿತ್ತು. ಕೆಂಪು ಉರುಳೆಯಾಗಲಿ ಕಪ್ಪಾಗಲಿ, ಪ್ರತಿ ಸಲವೂ ಅದೇ ಮೂಲೆ. "ನಿನ್ನ ಮನೆಗೆ ಹೊಲಿಗೆ ಕಲಿಯೋ ಆಸೆ," ಎಂದು ಗಂಡ ನಗುತ್ತಿದ್ದ. ಬಿರುಕಮ್ಮನೂ ನಗುತ್ತಿದ್ದಳು. ನಗರದಲ್ಲಿ ನೆಲ ಅಷ್ಟು ಓರೆಯಾದ ಮನೆ ಕಂಡಿದ್ದರೆ ಅವಳ ಮುಖದಲ್ಲಿ ನಗು ಎಲ್ಲಿಂದ ಬರಬೇಕು!

ಆ ಕಾಡಿನ ಹಳೇ ಮನೆಗಳಿಗೆಲ್ಲ ಒಂದು ಕಟ್ಟಳೆಯಿತ್ತು. ಮೊದಲ ವರ್ಷ ತಾತ್ಕಾಲಿಕವಾಗಿ ಇರಬಹುದು. ವರ್ಷ ತುಂಬಿದಾಗ ನಗರದ ಕಚೇರಿಯಿಂದ ತಪಾಸಣೆ. ತೇರ್ಗಡೆಯಾದರೆ ಮನೆ ಉಳಿಯಿತು, ಇಲ್ಲವಾದರೆ ಕೆಡವಿ ಜಾಗವನ್ನು ಕಾಡಿಗೆ ಬಿಡಬೇಕು. ನಗರದ ಮನೆಯನ್ನು ಅವರು ಆಗಲೇ ಮಾರಿಬಿಟ್ಟಿದ್ದರು. ದರ್ಜಿಯ ಮೆಟ್ಟಿಲ ಕೆಳಗಿನ ಅಂಗಡಿ ಈಗ ಯಾರದೋ ಛತ್ರಿ ರಿಪೇರಿ ಅಂಗಡಿ.

ಬಿರುಕಮ್ಮ ಸುಮ್ಮನೆ ಕೂರಲಿಲ್ಲ. ಕೊಳೆತ ತೊಲೆ ಬದಲಾಯಿಸಿದಳು, ಮಾಡಿನ ಹೆಂಚು ಒಂದೊಂದನ್ನೂ ತಾನೇ ತಟ್ಟಿ ನೋಡಿದಳು. ಹಾಲ್‌ನ ಗೋಡೆಯಲ್ಲಿ ಓರೆಯಾಗಿ ಹತ್ತಿದ್ದ ಒಂದೇ ಒಂದು ಬಿರುಕಿನ ಕೆಳಗೆ ಅಗೆಸಿ ನೋಡಿದಳು; ಅಡಿಪಾಯ ಗಟ್ಟಿ ಕಲ್ಲು. ಬಿರುಕು ತುಂಬಿಸಿ, ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಹಚ್ಚಿ, ತಾರೀಖು ಬರೆದಳು. ಇದು ಅವಳ ವೃತ್ತಿಯ ಹಳೇ ಉಪಾಯ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಬಿರಿಯುತ್ತದೆ. ಗಾಜು ಉಳಿದರೆ ಗೋಡೆ ನಿಂತಿದೆ ಎಂದು ಅರ್ಥ. ವಾರಕ್ಕೊಮ್ಮೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಹನ್ನೊಂದು ತಿಂಗಳು ಗಾಜು ಅಲುಗಲಿಲ್ಲ.

ತಪಾಸಣೆಗೆ ಬಂದವಳು ಬೇರೆ ಯಾರೂ ಅಲ್ಲ, ಅವಳ ಕೊನೆಯ ಶಿಷ್ಯೆ. ಜೀಪಿನಿಂದ ಇಳಿದವಳೇ ಗುರುವಿನ ಕೈ ಹಿಡಿದುಕೊಂಡಳು. ಆಮೇಲೆ ಆ ಕೈ ಬಿಟ್ಟು, ಚೀಲದಿಂದ ನಮೂನೆಯ ಹಾಳೆ ತೆಗೆದು, "ಮೇಡಂ, ನಾನು ಎಲ್ಲಾ ಕಡೆ ನೋಡ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದಳು.

"ನೋಡದೇ ಹೋದ್ರೆ ಬೇಜಾರು ಮಾಡ್ಕೋತೀನಿ," ಅಂದಳು ಬಿರುಕಮ್ಮ.

ಎರಡು ಗಂಟೆ ಹಿಡಿಯಿತು. ಶಿಷ್ಯೆ ಮಾಡು ಹತ್ತಿದಳು, ನೆಲಮಾಳಿಗೆಗೆ ತೆವಳಿದಳು, ಏಳನೇ ಮೆಟ್ಟಿಲಿನ ಬೈಗುಳವನ್ನು ಎರಡು ಸಲ ಕೇಳಿಸಿಕೊಂಡಳು. ಕಡೆಗೆ ಹಾಲ್‌ನ ಗಾಜಿನ ಮುಂದೆ ಬಂದು ನಿಂತಳು. ತಲೆಯನ್ನು ಒಂದು ಕಡೆಗೆ ವಾಲಿಸಿ ಅದನ್ನು ನೋಡಿದಳು. ದರ್ಜಿ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ.

"ಇದು ನೀವೇ ಹಚ್ಚಿದ್ದಾ ಮೇಡಂ?"

ಬಿರುಕಮ್ಮ ಹತ್ತಿರ ಹೋದಳು. ತಾರೀಖು ಅವಳದೇ, ಗಾರೆ ಅವಳ ಡಬ್ಬಿಯದೇ, ಗಾಜೂ ಅವಳ ಪೆಟ್ಟಿಗೆಯದೇ. ಆದರೆ ಗಾಜು ನೆಟ್ಟಗೆ ಕೂತಿತ್ತು. ಬಿರುಕು ಓರೆಯಾದರೆ ಅದಕ್ಕೆ ಅಡ್ಡ ಬರುವ ಗಾಜೂ ಓರೆಯಾಗಲೇಬೇಕು. ಮೂವತ್ತೊಂದು ವರ್ಷ ಅವಳು ಹಾಗೆಯೇ ಹಚ್ಚಿದವಳು. ಈ ಗಾಜಾದರೋ ಅಡ್ಡಗೆರೆ ಎಳೆದಂತೆ, ಒಂದಿಷ್ಟೂ ಓರೆಯಿಲ್ಲದೆ, ಅಂಚು ಒರೆಸಿ, ಕೋಟಿಗೆ ಜೇಬು ಕೂರಿಸಿದಷ್ಟು ಚೊಕ್ಕಟವಾಗಿ ಕೂತಿತ್ತು. ಈ ಪ್ರಪಂಚದಲ್ಲಿ ಇಷ್ಟು ನೆಟ್ಟಗೆ ಜೇಬು ಕೂರಿಸುವವನು ಒಬ್ಬನೇ.

ಅವಳು ಗಂಡನ ಕಡೆ ತಿರುಗಿದಳು. ಅವನ ಮುಖ ಬಿಳಿಚಿತ್ತು. ನಿನ್ನೆ ಅವಳು ಬಾಗಿಲಿನ ಕೀಲಿಗೆ ಎಣ್ಣೆ ತರಲು ಪೇಟೆಗೆ ಹೋಗಿದ್ದಳು. ಆಗಲೇ ಅವನು ಬಿರಿದ ಗಾಜನ್ನು ಕಂಡಿರಬೇಕು.

ಈಗ 'ಹೌದು' ಎಂಬ ಒಂದು ಮಾತು ಸಾಕಾಗಿತ್ತು. ಹಾಗೆಂದಿದ್ದರೆ ಶಿಷ್ಯೆ ಬರೆದುಕೊಳ್ಳುತ್ತಿದ್ದಳು, ಗುರುವಿನ ಮಾತನ್ನು ಅವಳು ಎಂದೂ ಅನುಮಾನಿಸಿದವಳಲ್ಲ. ಹದಿನಾಲ್ಕು ಕಿಟಕಿ ಉಳಿಯುತ್ತಿದ್ದವು. ಬಿರುಕಮ್ಮನಿಗೆ ಆ ಕ್ಷಣ 'ಹೌದು' ಅನ್ನಬೇಕೆಂದು ಇನ್ನಿಲ್ಲದ ಆಸೆಯಾಯಿತು. ಕಪಾಟು ಎಳೆದು ನಿಲ್ಲಿಸುತ್ತಿದ್ದ ಅಷ್ಟೂ ಜನ ಮಾಲೀಕರ ಸಂಕಟ ಅವಳಿಗೆ ಅರ್ಥವಾದದ್ದು ಅಂದೇ.

"ಅಲ್ಲ," ಅಂದಳು. "ನಾನು ಹಚ್ಚಿದ್ದು ಒಡೆದುಹೋಗಿದೆ. ಗೋಡೆ ಸರಿದಿದೆ. ಬರ್ಕೋ."

"ನಾನೇ ಹಚ್ಚಿದ್ದು," ಅಂದ ದರ್ಜಿ. ತಟ್ಟೆಯನ್ನು ನೆಲದ ಮೇಲಿಟ್ಟು, ಅಂಗಿಯ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಎರಡು ಚೂರು ಗಾಜು ತೆಗೆದು ಶಿಷ್ಯೆಯ ಕೈಗೆ ಕೊಟ್ಟ. "ತಪ್ಪು ನಂದು ತಾಯಿ. ಇವಳಿಗೆ ಗೊತ್ತೇ ಇರಲಿಲ್ಲ."

ಶಿಷ್ಯೆಯ ಕಣ್ಣು ತುಂಬಿತ್ತು, ಆದರೂ 'ವಾಸಕ್ಕೆ ಯೋಗ್ಯವಲ್ಲ' ಎಂದು ಬರೆದಳು. ಕೆಳಗೆ, ಕಾರಣ ಕಂಡುಹಿಡಿದು ಸರಿಪಡಿಸಲು ಆರು ತಿಂಗಳು, ಆಮೇಲೆ ಕೊನೆಯ ತಪಾಸಣೆ, ಎಂದು ಸೇರಿಸಿದಳು. ನಿಯಮದಲ್ಲಿ ಅಷ್ಟಕ್ಕೇ ಅವಕಾಶವಿತ್ತು. ಒಂದು ದಿನವನ್ನೂ ಹೆಚ್ಚಿಗೆ ಕೊಡಲಿಲ್ಲ. ಜೀಪು ಮರೆಯಾಗುವವರೆಗೂ ಬಿರುಕಮ್ಮ ಅಂಗಳದಲ್ಲಿ ನಿಂತಿದ್ದಳು. ಮನೆ ಕೈಬಿಟ್ಟುಹೋಗುವ ಭಯವಿತ್ತು, ನಿಜ. ಅದರ ಪಕ್ಕದಲ್ಲೇ, ನಾಚಿಕೆಯಿಲ್ಲದೆ, ಹೆಮ್ಮೆಯೂ ಎದ್ದು ಕೂತಿತ್ತು. ತನ್ನ ಕೈಯಲ್ಲಿ ಕಲಿತವಳು ತನ್ನ ಮನೆಗೇ ದಾಕ್ಷಿಣ್ಯ ತೋರಿಸಲಿಲ್ಲ!

ಒಳಗೆ ಗಂಡ ಹೊಲಿಗೆ ಮಿಷನ್ ಮುಂದೆ ತಲೆ ತಗ್ಗಿಸಿ ಕೂತಿದ್ದ. ಚಹಾ ಆರಿ ಹೋಗಿತ್ತು.

"ಬೈದುಬಿಡು," ಅಂದ.

"ಬೈಯೋಕೆ ಬೇಕಾದಷ್ಟು ಸಮಯ ಇದೆ. ರೀ, ಅಷ್ಟು ಚೆನ್ನಾಗಿ ಗಾರೆ ಒರೆಸೋದು ಎಲ್ಲಿ ಕಲಿತ್ರಿ? ನಮ್ಮ ಕಚೇರೀಲಿ ಯಾರಿಗೂ ಬರಲ್ಲ."

ಅವನು ನಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕೆಂದು ಉರುಳೆ ತೆಗೆದ, ಅದು ಜಾರಿ ಬಿತ್ತು. ಇಬ್ಬರೂ ಅದು ಹೋಗುವುದನ್ನೇ ನೋಡಿದರು. ಹಾಲ್ ದಾಟಿತು, ಅಡುಗೆಮನೆ ಹೊಕ್ಕಿತು, ಮೂಲೆಗೆ ಟಕ್ಕೆಂದು ಬಡಿಯಿತು.

"ಮೊದಲು ಬಂದಾಗ ಇದು ಬಡೀತಿರಲಿಲ್ಲ ಕಣೇ," ಅಂದ ದರ್ಜಿ ನಿಧಾನವಾಗಿ. "ಮೆಲ್ಲಗೆ ಹೋಗಿ ನಿಲ್ಲೋದು. ಈಗ ಓಡ್ತಿದೆ." ಎದ್ದು ಗೋಡೆಯ ಬಿರುಕಿನ ಬಳಿ ಹೋಗಿ, ಅದರ ಮೇಲೆ ಬಟ್ಟೆಯ ಮಡಿಕೆ ನೋಡುವ ಹಾಗೆ ಬೆರಳಾಡಿಸಿದ. "ಕೋಟು ಭುಜದ ಹತ್ರ ಸುಕ್ಕಾಯ್ತು ಅಂತ ಗಿರಾಕಿ ಬರ್ತಾರೆ. ಭುಜ ಬಿಚ್ಚಿದ್ರೆ ಏನೂ ಸಿಗಲ್ಲ. ತಪ್ಪು ಕಂಕುಳಲ್ಲಿ ಇರುತ್ತೆ, ಅದು ಎಳೀತಾ ಇರುತ್ತೆ. ನೀನು ಬಿರುಕಿನ ಕೆಳಗೆ ಅಗೆದೆ. ಆ ಮೂಲೆ ಕೆಳಗೆ ಅಗೆದಿದೀಯಾ?"

ಬಿರುಕಮ್ಮ ಅಗೆದಿರಲಿಲ್ಲ. ಪರರ ಮನೆಯಾಗಿದ್ದರೆ ಸುತ್ತ ನಾಲ್ಕೂ ಮೂಲೆ ನೋಡದೆ ಬಿಡುತ್ತಿರಲಿಲ್ಲ. ತನ್ನ ಮನೆ ಎಂದಾಗ, ನೋಯುವ ಕಡೆ ಮುಲಾಮು ಹಚ್ಚಿ, ಓಡುವ ಉರುಳೆಗೆ ಚಪ್ಪಾಳೆ ತಟ್ಟಿ ಕೂತಿದ್ದಳು.

ಮರುದಿನವೇ ಮೂಲೆಯ ಹೊರಗೆ ಗುದ್ದಲಿ ಬಿತ್ತು. ಸೊಂಟದ ಆಳಕ್ಕೆ ಮಣ್ಣು ಮುಗಿದು ಕಪ್ಪಗೆ, ಮೆತ್ತಗೆ ಏನೋ ಬಂತು. ಹಿಡಿದು ಮೂಸಿದಳು: ಮರದ ಹೊಟ್ಟು. ಕಾರ್ಖಾನೆಯವರು ಹೊಟ್ಟು ಸುರಿಯುತ್ತಿದ್ದ ಹಳ್ಳದ ಅಂಚಿನ ಮೇಲೇ ಲೆಕ್ಕಿಗ ಕೊನೆಗೆ ಸೇರಿಸಿದ ಕೋಣೆ, ಅಂದರೆ ಈ ಅಡುಗೆಮನೆ, ಎದ್ದಿತ್ತು. ಹೊಟ್ಟು ವರ್ಷಗಟ್ಟಲೆ ಕೊಳೆತು ಕುಸಿಯುತ್ತಾ, ಮೂಲೆಯನ್ನು ತನ್ನ ಜೊತೆ ಕೆಳಗೆ ಎಳೆಯುತ್ತಿತ್ತು. ಬಿರುಕಮ್ಮ ಹಳ್ಳದೊಳಗೇ ನಿಂತು, "ರೀ, ಕಂಕುಳು ಸಿಕ್ತು!" ಎಂದು ಕೂಗಿದ್ದು ಕಾಡಿಗೆಲ್ಲ ಕೇಳಿಸಿರಬೇಕು.

ಆಮೇಲಿನದು ಅವಳಿಗೆ ಗೊತ್ತಿದ್ದ ಕೆಲಸ. ಮೂಲೆಗೆ ತೊಲೆಗಳ ಆಸರೆ ಕೊಟ್ಟು, ಈಚೆಗೆ ಕುಸಿದಷ್ಟನ್ನು ಮೆಲ್ಲಗೆ ಮೇಲೆತ್ತಿಸಿ, ಇಬ್ಬರು ಗಾರೆ ಕೆಲಸದವರನ್ನು ಕರೆಸಿ, ಹೊಟ್ಟನ್ನು ಸ್ವಲ್ಪಸ್ವಲ್ಪವೇ ತೆಗೆಸಿ, ಗಟ್ಟಿ ನೆಲ ಸಿಗುವವರೆಗೂ ಇಳಿದು, ಅಲ್ಲಿಂದ ಕಲ್ಲು ಕಟ್ಟಿಸಿಕೊಂಡು ಬಂದಳು. ಅರವತ್ತರ ಹೆಂಗಸು ದಿನವೂ ಹಳ್ಳಕ್ಕಿಳಿದು ಒಂದೊಂದು ಕಲ್ಲನ್ನೂ ತಟ್ಟಿ ನೋಡುವಳು. ಗಾರೆ ಕೆಲಸದವರು ಅವಳಿಗೆ ಯಾವ ಹೆಸರಿಟ್ಟರೋ ತಿಳಿಯದು. ಅವಳು ಬಂದೊಡನೆ ಬೀಡಿ ಆರಿಸುತ್ತಿದ್ದರು.

ಕೆಲಸ ಮುಗಿದ ದಿನ ಅವಳು ಗಾಜಿನ ಪೆಟ್ಟಿಗೆ ತಂದು ಗಂಡನ ಮುಂದಿಟ್ಟಳು. "ನೀವೇ ಹಚ್ಚಿ," ಅಂದಳು. ಅವನು ಹಿಂದೆ ಸರಿದ. ಅವಳು ಅವನ ಮಣಿಕಟ್ಟು ಹಿಡಿದು, ಬಿರುಕಿಗೆ ಅಡ್ಡ ಎಂದರೆ ಹೇಗೆಂದು ತೋರಿಸಿದಳು. ಅವನು ಗಾಜನ್ನು ಓರೆಯಾಗಿ ಕೂರಿಸಿ, ಅಂಚು ಒರೆಸಿ, ತಾರೀಖನ್ನು ಈ ಸಲ ತನ್ನ ಅಕ್ಷರದಲ್ಲೇ ಬರೆದ.

ನಾಲ್ಕು ತಿಂಗಳು ಕಳೆದು ಶಿಷ್ಯೆ ಮತ್ತೆ ಬಂದಳು. ಈ ಸಲ ಮೊದಲು ಅಡುಗೆಮನೆಯ ಮೂಲೆ, ಆಮೇಲೆ ಹಾಲ್. ಗಾಜಿನ ಮೇಲೆ ದೀಪ ಹಿಡಿದು, ಭೂತಗನ್ನಡಿ ಇಟ್ಟು ನೋಡಿದಳು. ಒಂದು ಗೀರೂ ಇಲ್ಲ.

"ಇದು ನೀವು ಹಚ್ಚಿದ್ದಾ ಮೇಡಂ?"

"ಅಲ್ಲ. ಇವರು."

ಶಿಷ್ಯೆ ದರ್ಜಿಯನ್ನು ನೋಡಿದಳು. "ಕಚೇರೀಲಿ ತೋರಿಸೋಕೆ ಇದರದ್ದೊಂದು ಫೋಟೋ ತಗೋತೀನಿ ಸಾರ್. ಗಾಜು ಹಚ್ಚೋದು ಅಂದ್ರೆ ಹೀಗಿರಬೇಕು." ಅವನು ಕೆಮ್ಮಿ, ಕಾರಣವಿಲ್ಲದೆ ಕನ್ನಡಕ ಒರೆಸಿಕೊಂಡ.

ಶಿಷ್ಯೆ ಮಿಷನ್ ಮೇಜಿನ ಮೇಲೆ ಹಾಳೆಯಿಟ್ಟು, 'ವಾಸಕ್ಕೆ ಯೋಗ್ಯ' ಎಂದು ಬರೆದು ಸಹಿ ಹಾಕಿದಳು. ಮೊಣಕೈ ತಾಗಿ ಉರುಳೆ ಕೆಳಗೆ ಬಿತ್ತು. ಅದು ತನ್ನ ಹಳೇ ದಾರಿ ಹಿಡಿದು ಅಡುಗೆಮನೆಯ ಕಡೆ ಹೊರಟಿತು. ಓರೆ ನೆಲವನ್ನು ಬಿರುಕಮ್ಮ ಪೂರ್ತಿ ಸರಿಮಾಡಿಸಿರಲಿಲ್ಲ.

"ಮೇಡಂ, ನೆಲ..." ಎಂದು ಶಿಷ್ಯೆ ಗಾಬರಿಯಿಂದ ಪೆನ್ನು ಎತ್ತಿದಳು.

"ಹೋಗಿ ಅಳತೆ ತಗೋ," ಅಂದಳು ಬಿರುಕಮ್ಮ. "ಹೋದ ಸಲಕ್ಕಿಂತ ಕಡಿಮೆ ಇದೆ, ಈಚೆಗೆ ಕುಸಿದಷ್ಟನ್ನ ಮೇಲೆತ್ತಿಸಿದೀನಿ. ಉಳಿದಿದ್ದು ಮುಗಿದ ಹಳೇ ಓರೆ, ಅದಿನ್ನು ಬೆಳೆಯಲ್ಲ."

ಶಿಷ್ಯೆ ಗುರುವಿನ ಮಾತನ್ನು ನಂಬಿ ಅಲ್ಲಿಗೇ ಬಿಡಲಿಲ್ಲ. ಅಳತೆಪಟ್ಟಿ ಹಿಡಿದು ಅಡುಗೆಮನೆಗೆ ನಡೆದಳು, ಮಂಡಿಯೂರಿ ಅಳೆದಳು, ಹಳೇ ಹಾಳೆಯ ಜೊತೆ ಎರಡು ಸಲ ಹೋಲಿಸಿದಳು. ಬಿರುಕಮ್ಮ ಬಾಗಿಲಿಗೆ ಒರಗಿ ಅದನ್ನೇ ನೋಡುತ್ತಿದ್ದಳು. ತನ್ನ ಮನೆ, ತನ್ನ ಗಂಡ, ತನ್ನ ಶಿಷ್ಯೆ, ಮೂವರೂ ಗಟ್ಟಿ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಮೂಲೆಯ ಹತ್ತಿರ ಬಂದ ಉರುಳೆ ಗೋಡೆಗೆ ಬಡಿಯದೆ, ಮೆಲ್ಲಗೆ ನಿಂತಿತ್ತು.