ಕೆನ್ನೆಗೆ ಬಿದ್ದ ಹನಿ

“ಎಲ್ಲಿ, ನನ್ನೆದುರೇ ಒಂದ್ಸಲ ಹಾಕ್ಕೊಳಿ ನೋಡೋಣ” ಎಂದು ನಂಜನಗೂಡಿನ ಕಣ್ಣಿನ ಡಾಕ್ಟರು ದೃಷ್ಟಿ ಕಳೆಯುವ ಗ್ಲಾಕೋಮಾಕ್ಕೆ ಹಾಕುವ ಹನಿ ಔಷಧಿಯ ಬಾಟಲಿಯನ್ನು ಕವಲಂದೆಯ ನನ್ನ ಸೋದರತ್ತೆಯ ಕೈಗಿಟ್ಟರು. ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾ ಕಾಯಿಲೆಯಿಂದ ಅತ್ತೆಯ ಬೆರಳುಗಳು ಮಡಚಿಕೊಂಡೇ ಗಟ್ಟಿಯಾಗಿವೆ. ಅವರು ಬಾಟಲಿಯನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಅದುಮಿದರು. ಹನಿ ಕೆನ್ನೆಗೆ ಬಿತ್ತು.

“ದಿನಾ ಹಿಂಗೇಯ ಸಾ. ಒಂದೊಂದ್ಸಲ ಒಳಕ್ಕೂ ಓಯ್ತದೆ.”

“ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?”

“ಹಾಕ್ಕೋತಿದ್ದೀರಾ ಅಂದ್ರಿ, ಊ ಅಂದೆ. ಕಣ್ಣೊಳಕ್ಕೆ ಬೀಳ್ತದಾ ಅಂತ ಯಾರ್ ಕೇಳುದ್ರು?”

ಅತ್ತೆ ಹೀಗೇ ಅಂದರೋ, ನನ್ನ ಸಿಟ್ಟು ಈ ಮಾತನ್ನು ಹುಟ್ಟಿಸಿತೋ, ಈಗ ಖಾತ್ರಿಯಿಲ್ಲ. ಅವರ ಎಡಗಣ್ಣಿನ ದೃಷ್ಟಿ ಅಷ್ಟರಲ್ಲಿ ಪೂರ್ತಿ ಹೋಗಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಬಲಗಣ್ಣಿಗೆ ಈಗ ದಿನಾ ನಾನೇ ಹನಿ ಹಾಕುತ್ತೇನೆ. ಎಡಗಣ್ಣಿಗೆ ಇನ್ನು ಬೇಕಾಗಿಲ್ಲ ಎಂದಿದ್ದಾರೆ ಡಾಕ್ಟರು.