ಕೌದಿಯ ಕಿಸೆ

ನಿನ್ನೆ ಬೈಲಹೊಂಗಲದ ನಮ್ಮ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದ ಹಳೆಯ ಕೌದಿಯಿಂದ ಹುರಿದ ಶೇಂಗಾದ ವಾಸನೆ ಬಂತು. ಬಂದಂತೆ ನನಗನ್ನಿಸಿತು ಎನ್ನುವುದೇ ಸರಿ.

ನಮ್ಮ ಆಯಿ, ಅಂದರೆ ತಂದೆಯ ತಾಯಿ, ಬಟ್ಟೆಯ ಚೂರನ್ನೂ ಎಸೆದವಳಲ್ಲ. ಹರಿದದ್ದೆಲ್ಲ ಕೌದಿಗೆ ಸೇರುತ್ತಿತ್ತು. ಒಮ್ಮೆ ನನ್ನ ಅಚ್ಚುಮೆಚ್ಚಿನ ನೀಲಿ ಅಂಗಿಗೇ ಕತ್ತರಿ ಹಿಡಿದಳು. ನಾನು ಅದನ್ನು ಅಪ್ಪಿಕೊಂಡು ಅಳತೊಡಗಿದೆ.

“ಬೆನ್ನಷ್ಟ ಹರದೈತಿ, ಆಯಿ. ಕಿಸಿ ಇನ್ನೂ ಗಟ್ಟಿ ಐತಿ ನೋಡು!”

“ಅಳಬ್ಯಾಡೋ ನನ್ನಪ್ಪಾ, ಕಿಸಿ ಹಂಗ ಇಡತೇನಿ. ಕೌದಿಗೂ ಒಂದು ಹೊಟ್ಟಿ ಬೇಕಲ್ಲ?”

ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಯುವುದು ನಮ್ಮ ಕಡೆಯ ರೂಢಿ. ಆಯಿ ಆ ಮೂಲೆಗೆ ನನ್ನ ಕಿಸೆಯನ್ನೇ ಹೊಲಿದು, ಅದರ ಬಾಯಿಯನ್ನು ಹೊಲಿಯದೆ ಬಿಟ್ಟಳು. ಅಂದಿನಿಂದ ಬೆಳಗ್ಗೆ ಎದ್ದೊಡನೆ ಕೈಹಾಕಿದರೆ ಅದರೊಳಗೆ ಹುರಿದ ಶೇಂಗಾ ಸಿಗುತ್ತಿತ್ತು.

“ಯಾರು ಇಟ್ಟಾರ, ಆಯಿ?”

“ಕೌದಿ ಉಂಡು ಉಳಿಸೇತಿ. ತಿನ್ನು.”

ನಿನ್ನೆ ಆ ಕೌದಿಯನ್ನು ಮೊಮ್ಮಗಳಿಗೆ ಹೊದಿಸುವ ಮುನ್ನ ಕಿಸೆಗೆ ಒಂದು ಹಿಡಿ ಶೇಂಗಾ ಹಾಕಿದೆ. ಇಂದು ಬೆಳಗ್ಗೆ ಅವಳು ಮುಷ್ಟಿ ಬಿಗಿಹಿಡಿದು ಓಡಿಬಂದಳು:

“ಅಜ್ಜಾ, ಕೌದಿಗೆ ಶೇಂಗಾ ಬಿಟ್ಟಾವ!”